ದೇವಣಿ ಆಕಳ ಹಲ್ಲು

ಬೇಲಿಯಾಚೆ ಕಾಕಾ ದೇವಣಿ ಆಕಳಿಗೆ ಕಣಿಕೆ ಹಾಕುತ್ತಿದ್ದರು. ಮೊಮ್ಮಗನಿಗೆ ಭಾಲ್ಕಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಇವರಿಗೆ ಬೆಂಗಳೂರೇ ಆಗಬೇಕು, ಹೊಲ ಮಾರಿಯಾದರೂ ಸರಿ.

“ಭಾಲ್ಕಿಗೇನು ಧಾಡಿ ಕಾಕಾ? ಪದವಿ ಕಾಗದದ ಮ್ಯಾಲ ಬರೋದು ಬೆಳಗಾವಿ ವಿಟಿಯು ಹೆಸರು. ಬೆಂಗಳೂರಾಗಿನ ಎಷ್ಟೋ ದೊಡ್ಡ ಕಾಲೇಜಿಗೂ ಅದೇ ಕಾಗದ.”

“ಕಾಗದ ಒಂದೇ ಇರ್ತದ ತಮ್ಮಾ. ಕಂಪನಿಯವರು ಭಾಲ್ಕಿ ತನಕ ಬರ್ತಾರೇನು?”

ಇದಕ್ಕೆ ನಾನು ತಡವರಿಸಿದೆ. ಕಾಕಾಗೆ ಹುರುಪು ಬಂತು. “1472ರಾಗ ಬಹಮನಿ ವಜೀರ ಮಹಮೂದ ಗವಾನ ಸಾಹೇಬ ಬೀದರದಾಗ ಮದರಸಾ ಕಟ್ಟಿಸಿದ. ಹೆಸರು ಕೇಳೇ ಇರಾನಿನ ಪಂಡಿತರು ಬಂದ್ರು!”

“ಮಿನಾರ ನೋಡ್ಲಕ ಬಂದಿದ್ದಿಲ್ಲ ಕಾಕಾ. ಒಳಗ ಮೂರು ಸಾವಿರ ಹಸ್ತಪ್ರತಿ ಇದ್ವು ಅಂತಾರ. ಅದಿರ್ಲಿ, ಹೆಲ್ಸಿಂಕಿ ಹೆಸರು ಕೇಳೀರೇನು?”

“ಇಲ್ಲ.”

“1991ರಾಗ ಅಲ್ಲಿ ಓದ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಅನ್ನೋ ಹುಡುಗ ಲಿನಕ್ಸ್ ಬರ್ದ. ನಿಮ್ಮ ಕಿಸೆದಾಗಿನ ಆಂಡ್ರಾಯ್ಡ್ ಫೋನಿನ ತಳದಾಗ ಅದೇ ಅದ.”

“ಅಂವ ಲಾಖದಾಗ ಒಬ್ಬ. ನಮ್ಮಾಂವ ಹೊತ್ತೇರಿದ್ರೂ ಏಳಲ್ಲ.”

ಹಾಗಾದರೆ ಇರಲಿ ಎಂದು ನಮ್ಮಕ್ಕನ ಮಗನ ಕಥೆ ತೆಗೆದೆ. ಬೀದರಿನಲ್ಲೇ ಓದಿದವ. ಮೂರನೇ ವರ್ಷದಲ್ಲಿ ಗಾಂಧಿಗಂಜಿನ ಒಂದು ಅಡತಿ ಅಂಗಡಿಗೆ ತೂಕದ ಚೀಟಿ ತೆಗೆಯುವ ಪ್ರೋಗ್ರಾಮ್ ಬರೆದುಕೊಟ್ಟ. ಮೊದಲ ದಿನವೇ ಅದು ಚೀಲಕ್ಕೆ ಅರ್ಧ ಕಿಲೋ ನುಂಗಿತು. ದಶಾಂಶದ ಆಚೆಗಿದ್ದದ್ದೆಲ್ಲ ಮಾಯ. ಮುನೀಮರು ಚೀಟಿಯನ್ನು ಮಾರಿಗೆ ಒಗೆದರು. ಹುಡುಗ ಎಂಟು ದಿನ ತೊಗರಿ ಚೀಲದ ಮೇಲೆ ಕೂತು, ಹಮಾಲಿ ಎಷ್ಟು, ಅಡತಿ ಎಷ್ಟು ಎಂದು ಕೇಳಿಕೊಂಡು ತಿದ್ದಿದ. ಮುಂದೆ ಪುಣೆಯಲ್ಲಿ ಇಂಟರ್‌ವ್ಯೂಗೆ ಹೋದರೆ ಅರ್ಧ ತಾಸು ಬರೀ ಆ ಅರ್ಧ ಕಿಲೋದ ಮಾತೇ ಕೇಳಿದರಂತೆ. (ಅದಕ್ಕೂ ಮೊದಲು ಎಷ್ಟೋ ಕಡೆ ಅರ್ಜಿ ಹಾಕಿ, ಒಬ್ಬರೂ ಕರೆಯದೆ ಆರು ತಿಂಗಳು ಮನೆಯಲ್ಲಿ ಕೂತಿದ್ದ. ಅದನ್ನು ಕಾಕಾಗೆ ಹೇಳಲಿಲ್ಲ.)

“ಈ ಆಕಳ ತರೋವಾಗ ಏನ್ ಮಾಡಿದ್ರಿ ಕಾಕಾ?”

“ಬಾಯಿ ತೆಗ್ಸಿ ಹಲ್ಲು ನೋಡ್ದೆ. ಹಾಲು ಹಿಂಡಿ ನೋಡ್ದೆ.”

“ಮತ್ತ?”

“ಮತ್ತೇನ್ ಮತ್ತ? ದೇವಣಿ ಅಂದಿದ್ದಕ್ಕೇ ನಾ ಅಲ್ಲಿ ತನಕ ಹೋಗಿದ್ದು!”

ನನ್ನ ಬಾಯಿ ಕಟ್ಟಿತು. ಕಾಕಾ ಕಣಿಕೆ ಬುಟ್ಟಿ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು.

“ನಿಮ್ಮಳಿಯನ ನಂಬರ್ ಅದ ಏನು? ನಮ್ಮ ಹುಡುಗ್ಗ ಕೊಡು. ರಜಾದಾಗ ಅವನ ಜೋಡಿ ಗಂಜಿಗಿ ಹೋಗ್ಲಿ.”