ಸಭಾ-ಗೃಹ ಭೇದಾಭೇದ ವಿಚಾರ

ಭಾನುವಾರ ಬೆಳಗ್ಗೆ ದೇವಾಲಯದ ಮುಂದಿನ ಬೆಂಚಿನಲ್ಲಿ ಕುಳಿತು, ಪಾಪನಿವೇದನೆಯಲ್ಲಿ ಎಲ್ಲರಿಗಿಂತ ಅರ್ಧ ಮಾತ್ರೆ ಮುಂದಾಗಿಯೂ ಆಮೆನ್ ಎನ್ನುವಲ್ಲಿ ಎಲ್ಲರಿಗಿಂತ ಒಂದು ಮಾತ್ರೆ ಹಿಂದಾಗಿಯೂ ತನ್ನ ಕಂಠವನ್ನು ಸಭೆಗೆ ಪರಿಚಯಿಸುವ ಗೃಹಸ್ಥನೂ, ಅದೇ ಮಧ್ಯಾಹ್ನ ಕೋಳಿಸಾರಿಗೆ ಉಪ್ಪು ಸಾಲದೆಂಬ ಕಾರಣಕ್ಕೆ ತಟ್ಟೆಯನ್ನು ಸರಿಸಿ ಎದ್ದುಹೋಗುವ ಗೃಹಸ್ಥನೂ ಒಬ್ಬನೇ ವ್ಯಕ್ತಿಯೋ, ಅಥವಾ ಒಂದೇ ಕೋಟನ್ನು ಸರದಿಯ ಮೇಲೆ ತೊಡುವ ಇಬ್ಬರೋ ಎಂಬ ಪ್ರಶ್ನೆಯು, ನಮ್ಮ ಕರಾವಳಿಯ ಪ್ರೊಟೆಸ್ಟಂಟ್ ಮನೆಗಳ ಅಡುಗೆಕೋಣೆಗಳಲ್ಲಿ ಬಹುಕಾಲದಿಂದ ಚರ್ಚಿತವಾಗುತ್ತಿದ್ದರೂ ವಿದ್ವತ್ಸಮಾಜದ ದೃಷ್ಟಿಗೆ ಬೀಳದೆ ಉಳಿದಿರುವುದು ಶೋಚನೀಯವಾದುದು. ಆ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವುದು ಪ್ರಕೃತ ಪ್ರಬಂಧದ ಉದ್ದೇಶ. ವಿಷಯ ಗಹನ, ಪ್ರಮಾಣಗಳು ಚದುರಿಹೋಗಿವೆ, ಪ್ರತ್ಯಕ್ಷ ಸಾಕ್ಷಿಗಳಾದ ಪತ್ನಿಯರಿಗೋ ಮಾತನಾಡಲು ಬಿಡುವಿಲ್ಲ.

ಈ ವಿಷಯದಲ್ಲಿ ಪೂರ್ವಪಕ್ಷಗಳು ಎರಡು. ಉಡುಪಿಯ ನೆರೆಯಲ್ಲಿ ಬೆಳೆದ ಸಭೆಗಳಿಗೆ ದ್ವೈತದ ಗಾಳಿ ಸೋಕದಿರುವುದು ಅಸಾಧ್ಯವಾದ್ದರಿಂದ, ಮೊದಲನೆಯ ಪಕ್ಷದವರು ಮಧ್ವಾಚಾರ್ಯರು ಗಣಿಸಿದ ಪಂಚಭೇದಗಳಿಗೆ ಬೆಂಚಿನ ಜೀವನಿಗೂ ಮನೆಯ ಜೀವನಿಗೂ ಇರುವ ಭೇದವನ್ನು ಆರನೆಯದಾಗಿ ಸೇರಿಸಬೇಕೆಂದು ವಾದಿಸುತ್ತಾರೆ. ಅವರು ಮುಂದಿಡುವ ಹೇತು ಧ್ವನಿ: ದೇವಾಲಯದಲ್ಲಿ ಮೂರನೆಯ ಬೆಂಚಿನಾಚೆಗೆ ಕೇಳಿಸದಷ್ಟು ಮೃದುವಾಗಿದ್ದ ದನಿಯು ಮನೆಯಲ್ಲಿ ಮೂರನೆಯ ಮನೆಗೂ ಕೇಳಿಸುವುದರಿಂದ, ಎರಡರ ಆಶ್ರಯವೂ ಒಂದೇ ಗಂಟಲಾಗಿರಲು ಶಕ್ಯವಿಲ್ಲ. ಎರಡನೆಯ ಪಕ್ಷವು ಸ್ವತಃ ಆ ಗೃಹಸ್ಥನದು. ತಾನು ನಿತ್ಯನೂ ಏಕನೂ ಆದ ಕ್ರೈಸ್ತನೇ. ಮನೆಯಲ್ಲಿ ಕಾಣಿಸಿಕೊಳ್ಳುವ ಕೋಪವು ನೋಡುವವರ ಅಜ್ಞಾನದಿಂದ ತೋರುವ ಆಭಾಸ. ಅಜ್ಞಾನವು ನಿವೃತ್ತವಾದೊಡನೆ, ಅಂದರೆ ಹೆಂಡತಿ ಸುಮ್ಮನಾದೊಡನೆ, ಅದು ತಾನಾಗಿಯೇ ಲಯವಾಗುವುದು. ಈ ಪಕ್ಷಕ್ಕೆ ಭೌತಿಕ ಆಧಾರವೊಂದೂ ದೊರೆಯುತ್ತದೆ: ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಿಂದ ಮೊದಲ್ಗೊಂಡು, ಒಂದೇ ಗೂಡಿನಲ್ಲಿ ಬೆಂದ ಹಂಚು ದೇವಾಲಯದ ಮಾಡಿಗೂ ಮನೆಯ ಮಾಡಿಗೂ ಏರಿರುವಾಗ, ಹಂಚಿನ ಕೆಳಗಿನ ಮನುಷ್ಯ ಮಾತ್ರ ಎರಡಾಗುವುದು ಹೇಗೆ?

ಎರಡು ಪಕ್ಷಗಳೂ ಚರಿತ್ರೆಯನ್ನು ಗಮನಿಸಿಲ್ಲ. ಆದಿಸಭೆಗೆ ಸ್ವಂತ ಕಟ್ಟಡವೇ ಇರಲಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಕಡೆಯ ಅಧ್ಯಾಯದಲ್ಲಿ ಪ್ರಿಸ್ಕಳಿಗೂ ಅಕ್ವಿಲನಿಗೂ ವಂದನೆ ಹೇಳುವಾಗ ಅವರ ಮನೆಯಲ್ಲಿ ಕೂಡುವ ಸಭೆಗೂ ವಂದನೆ ಹೇಳುತ್ತಾನೆ. 1930ರ ದಶಕದಲ್ಲಿ ಸಿರಿಯಾ ದೇಶದ ಯೂಫ್ರೆಟಿಸ್ ತೀರದಲ್ಲಿ, ದೂರಾ-ಯೂರೋಪೋಸ್ ಎಂಬ ಹಾಳೂರಿನಲ್ಲಿ ಅಗೆದು ತೆಗೆದ ಮೂರನೆಯ ಶತಮಾನದ ಪ್ರಾರ್ಥನಾಮಂದಿರವೂ ಮೂಲತಃ ಒಂದು ವಾಸದ ಮನೆ, ಎರಡು ಕೋಣೆಗಳ ನಡುವಣ ಗೋಡೆಯನ್ನು ಕೆಡವಿ ಅಗಲ ಮಾಡಿಕೊಂಡದ್ದು. ಅಂಥ ಮನೆಯಲ್ಲಿ ಹಿರಿಯನು ಪ್ರೀತಿಯನ್ನು ಕುರಿತು ಪ್ರಸಂಗ ಮಾಡುತ್ತಿರುವಾಗ, ಬೆಳಗ್ಗೆ ಅವನ ಬೈಗುಳ ತಿಂದವರೆಲ್ಲರೂ ಎದುರಿಗೇ ಕುಳಿತಿರುತ್ತಿದ್ದರು. ಭಕ್ತಿಗೆ ಇದಕ್ಕಿಂತ ಕಠಿನವಾದ ಪರೀಕ್ಷಾಸ್ಥಾನವನ್ನು ಕಲ್ಪಿಸುವುದು ಕಷ್ಟ. ಜರ್ಮನಿಯ ಭಕ್ತಿಪಂಥದವರಿಗೂ ಇದು ತಿಳಿದಿತ್ತು: ಸ್ಪೇನರನು 1670ರಲ್ಲಿ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿಯೇ ಕೂಟ ಸೇರಿಸಿದನು, ಹೆರ್ನ್‌ಹೂಟಿನಲ್ಲಿ 1728ರಿಂದ ದಿನದ ವಚನವನ್ನು ಸಹೋದರರು ಮನೆಮನೆಗೆ ಒಯ್ದು ಮುಟ್ಟಿಸುತ್ತಿದ್ದರು, ಎಂದರೆ ಮನೆಯ ಯಜಮಾನನು ಯಾವ ಮುಖ ಹೊತ್ತು ಎದ್ದಿದ್ದಾನೆಂಬುದನ್ನು ಪ್ರತಿದಿನವೂ ಹೊರಗಿನವನೊಬ್ಬನು ನೋಡುತ್ತಿದ್ದನು. ಇದೇ ಭಕ್ತಿಪಂಥದ ನೆಲದಿಂದ ಹೊರಟು 1834ರಲ್ಲಿ ಮಂಗಳೂರಿನಲ್ಲಿಳಿದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು, ಮನೆಯನ್ನು ಬಿಟ್ಟು ಭಕ್ತಿಯೊಂದು ಬೇರೆ ಇದೆಯೆಂದು ಬೋಧಿಸಿರಲಾರರು. ಆದರೆ ಮುಂದೆ ಗುಡ್ಡದ ಮೇಲೆ ದೇವಾಲಯವೆದ್ದಿತು, ತೋಟದ ನಡುವೆ ಮನೆಗಳೆದ್ದವು, ಇವೆರಡರ ನಡುವೆ ರಸ್ತೆಯೊಂದು ಉಂಟಾಯಿತು. ನಮ್ಮ ಸಿದ್ಧಾಂತವು ಈ ರಸ್ತೆಯನ್ನೇ ಆಶ್ರಯಿಸಿದೆ. ಮನುಷ್ಯನು ಒಬ್ಬನೇ, ಗುಣಗಳು ಮಾತ್ರ ದಾರಿಯಲ್ಲಿ ಉದುರುತ್ತವೆ. ತಾಳ್ಮೆಯು ದೇವಾಲಯದ ಗೇಟಿನವರೆಗೆ, ಕ್ಷಮೆಯು ಬಸ್ಸಿನಲ್ಲಿ ಸೀಟು ದೊರೆಯುವವರೆಗೆ. ದೀನತೆಯು ಅಂಗಳದ ದಣಪೆಯ ತನಕ ಬರುವುದುಂಟು, ಹೆಂಡತಿಯು ಬಾಗಿಲು ತೆರೆಯಲು ತಡಮಾಡಿದರೆ ಅಲ್ಲಿಯೇ ನಿಲ್ಲುತ್ತದೆ.

ಇನ್ನು ಪ್ರಮೇಯಗಳಲ್ಲಿ ಪ್ರಧಾನವಾದುದು ಕೊರ್ಬಾನ್. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ದೇವರಿಗೆ ಮುಡಿಪಾಗಿದೆಯೆಂದು ಸಾರಿ ಕೈತೊಳೆದುಕೊಳ್ಳುವ ಉಪಾಯವೊಂದು ಫರಿಸಾಯರ ಕಾಲದಲ್ಲಿದ್ದಿತೆಂದೂ, ಯೇಸು ಅದನ್ನು ಖಂಡಿಸಿದನೆಂದೂ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಿಂದ ತಿಳಿದುಬರುತ್ತದೆ. ಆ ಪದ್ಧತಿಯು ಅಳಿದುಹೋಯಿತೆಂಬ ಪಂಡಿತರ ಅಭಿಪ್ರಾಯವು ಭ್ರಾಂತಿಮೂಲವಾದುದು. ಈಗ ಮುಡಿಪಾಗುವುದು ಹಣವಲ್ಲ, ಸಾಯಂಕಾಲ, ವ್ಯತ್ಯಾಸ ಇಷ್ಟೇ. ನಮ್ಮ ಉದಾಹರಣಪುರುಷರಾದ ಹಿರಿಯರು ಸೋಮವಾರ ಪಾಸ್ಟರೇಟ್ ಕಮಿಟಿಯಲ್ಲಿಯೂ ಮಂಗಳವಾರ ಗಾಯನದ ಅಭ್ಯಾಸದಲ್ಲಿಯೂ ಇರುತ್ತಾರೆ. ಬುಧವಾರ ಇತರರ ಮನೆಗಳಲ್ಲಿ ಪ್ರಾರ್ಥನೆ. ಗುರುವಾರ ವೃದ್ಧರ ಪರಾಮರಿಕೆಯ ನಿಧಿಗೆ ಚಂದಾ ಎತ್ತುವ ದಿನ. ಆ ಗುರುವಾರ ಅವರ ಸ್ವಂತ ತಾಯಿಯು ಹಿಂದಿನ ಕೋಣೆಯಲ್ಲಿ ಕಣ್ಣಿಗೆ ಮದ್ದು ಹಾಕುವವರಿಲ್ಲದೆ ಕುಳಿತು, ಬಂದವರೊಡನೆ, "ಮಗ ದೇವರ ಕೆಲಸಕ್ಕೆ ಹೋಗಿದ್ದಾನೆ" ಎಂದು ಹೆಮ್ಮೆಯಿಂದಲೇ ಹೇಳುತ್ತಾರೆ. ಮದ್ದನ್ನು ಹಾಕಿಹೋಗುವವನು ನೆರೆಮನೆಯ ಬ್ಯಾರಿ ಹುಡುಗ. ಈ ಸಂದರ್ಭವು ಯಾವ ಸುವಾರ್ತೆಯ ಯಾವ ಅಧ್ಯಾಯದ ಕೆಳಗೆ ಬರತಕ್ಕದ್ದೆಂಬುದನ್ನು ಭಾನುವಾರ ಶಾಲೆಯ ಮಕ್ಕಳೂ ಬಲ್ಲರಾದ ಕಾರಣ ವಿಸ್ತರಿಸುವುದಿಲ್ಲ. ಹಿರಿಯರು ಕಪಟಿಗಳೆಂದು ಇಲ್ಲಿ ಯಾರೂ ತಿಳಿಯಬಾರದು. ಅವರು ಎತ್ತಿದ ಚಂದಾಕ್ಕೆ ಲೆಕ್ಕ ಪೈಸೆಯವರೆಗೂ ಸರಿಯಾಗಿದೆ. ದೇವರ ಕೆಲಸದಲ್ಲಿ ವಂದನಾರ್ಪಣೆಯುಂಟು, ತಾಯಿಯ ಕಣ್ಣಿನ ಕೆಲಸದಲ್ಲಿ ಅದಿಲ್ಲ. ಆದ್ಯತೆಗಳು ಹಿಂದುಮುಂದಾಗುವುದಕ್ಕೆ ಇದಕ್ಕಿಂತ ಗಾಢವಾದ ದುಷ್ಟತನದ ಅಗತ್ಯವೇನೂ ಕಂಡುಬಂದಿಲ್ಲ.

ಬೆಳೆಹಬ್ಬದ ಏಲಮ್ಮನ್ನೂ ಇಲ್ಲಿ ಪರಿಶೀಲಿಸತಕ್ಕುದು. ಪ್ರಥಮಫಲವೆಂದು ತಂದಿಟ್ಟ ಸೋರೆಕಾಯಿಯನ್ನು ದೇವಾಲಯದ ಅಂಗಳದಲ್ಲಿ ಸರ್ವಜನಸಮಕ್ಷಮ ಅದರ ಹತ್ತು ಪಾಲು ಬೆಲೆಗೆ ಕೂಗಿ ಪಡೆದು, ಚಪ್ಪಾಳೆಯ ನಡುವೆ ಎದೆಗವಚಿಕೊಳ್ಳುವ ಮಹನೀಯರು, ಮರುದಿನ ಸಂತೆಯಲ್ಲಿ ಅದೇ ಜಾತಿಯ ಸೋರೆಕಾಯಿಗಾಗಿ, ಬೆಳಗಿನ ಜಾವದಿಂದ ಬಿಸಿಲಿನಲ್ಲಿ ಕುಳಿತ ಹೆಂಗಸಿನೊಡನೆ ಎರಡು ರೂಪಾಯಿಗೆ ಅರ್ಧ ಗಂಟೆ ವಾದಿಸುತ್ತಾರೆ. ಸಬ್ಬಸಿಗೆ ಜೀರಿಗೆಗಳಲ್ಲೂ ದಶಮಾಂಶ ಕೊಟ್ಟು ನ್ಯಾಯ ಕರುಣೆಗಳನ್ನು ಕೈಬಿಟ್ಟವರ ಪ್ರಸ್ತಾಪವು ಮತ್ತಾಯನಲ್ಲಿದೆ. ಸೋರೆಕಾಯಿಯ ಉಲ್ಲೇಖ ಅಲ್ಲಿಲ್ಲದಿರುವುದರಿಂದ ಅದು ತಮಗೆ ಅನ್ವಯಿಸುವುದಿಲ್ಲವೆಂದು ಇವರು ಭಾವಿಸಿರಬಹುದು.

ಮಾರ್ಥಳ ಪ್ರಕರಣವನ್ನು ಸಂಕ್ಷೇಪವಾಗಿ ಮುಗಿಸಬಹುದು. ಯೇಸುವಿನ ಪಾದದ ಬಳಿ ಕುಳಿತ ಮರಿಯಳು ಉತ್ತಮ ಭಾಗವನ್ನು ಆರಿಸಿಕೊಂಡಳೆಂಬ ಕಥೆಯನ್ನು ಕುರಿತು ಮನಮುಟ್ಟುವಂತೆ ಮಾತನಾಡಿದ ಹಿರಿಯರೊಬ್ಬರೂ, ಮನೆಗೆ ಬಂದ ಮೇಲೆ ಮೆಟ್ಟುಕತ್ತಿಯ ಮುಂದೆ ಕುಳಿತದ್ದಾಗಲಿ, ಕಡೆಯುವ ಕಲ್ಲನ್ನು ಮುಟ್ಟಿದ್ದಾಗಲಿ, "ನೀನು ಸ್ವಲ್ಪ ಕೂರು, ನಾನು ನೋಡಿಕೊಳ್ಳುತ್ತೇನೆ" ಎಂದದ್ದಾಗಲಿ ಅಡುಗೆಕೋಣೆಯ ಶ್ರುತಿಪರಂಪರೆಯಲ್ಲಿ ಲಭ್ಯವಾಗಿಲ್ಲ. ಮರಿಯಳ ಗುಣವನ್ನು ಅವರು ಪುರುಷರಿಗೆ ಮೀಸಲಾಗಿಟ್ಟಿರುವಂತೆ ತೋರುತ್ತದೆ.

ತನ್ನ ಮನೆಯನ್ನೇ ಸರಿಯಾಗಿ ನಡೆಸಲರಿಯದವನು ದೇವರ ಸಭೆಯನ್ನು ಪರಾಮರಿಸುವುದು ಹೇಗೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಕೇಳಿರುವ ಪ್ರಶ್ನೆಯನ್ನು ಮುಂದಿಟ್ಟು, ಹಿರಿಯರ ಚುನಾವಣೆಯಲ್ಲಿ ಮತದಾನದ ಹಕ್ಕು ಅಭ್ಯರ್ಥಿಗಳ ಹೆಂಡತಿಯರಿಗೂ ಮನೆಗೆಲಸದವರಿಗೂ ಮಾತ್ರ ಇರಬೇಕೆಂದು ಕೆಲವರು ಸೂಚಿಸುವುದುಂಟು. ಹಾಗಾದರೆ ಹಿರಿಯರೇ ಇಲ್ಲದ ಸಭೆಯೊಂದು ಸಂಭವಿಸೀತೆಂಬ ಭಯದಿಂದ ಆ ಸೂಚನೆಯನ್ನು ನಾವು ಅಂಗೀಕರಿಸಲಾರೆವು. ಇಂಥ ತೀವ್ರಕ್ರಮಗಳಿಗಿಂತ ನಮ್ಮ ಉದಾಹರಣಪುರುಷರು ಹಿಡಿದ ಮಾರ್ಗವೇ ಮೇಲು. ಸಭೆಯ ಮನೆಗಳಲ್ಲಿ ಕುಟುಂಬಪ್ರಾರ್ಥನೆಯು ನಿಂತುಹೋಗುತ್ತಿರುವುದನ್ನು ಕಂಡು ಮನನೊಂದ ಅವರು, ಅದರ ಪುನರುದ್ಧಾರಕ್ಕೆಂದು ಐವರ ಉಪಸಮಿತಿಯೊಂದನ್ನು ರಚಿಸಿ, ಕಾರ್ಯವು ತುರ್ತಿನದಾದುದರಿಂದ ವಾರದ ಉಳಿದ ಸಂಜೆಗಳಲ್ಲೆಲ್ಲ ಏಳೂವರೆಗೆ ಸೇರುವುದೆಂದು ಗೊತ್ತುಪಡಿಸಿದರು. ಅದು ಮನೆಗಳಲ್ಲಿ ಪ್ರಾರ್ಥನೆಗೆ ಕೂರುವ ಹೊತ್ತಲ್ಲವೇ ಎಂದು ಸದಸ್ಯರಲ್ಲಿ ಕಿರಿಯರಾದವರು ಕೇಳಿದ ಪ್ರಶ್ನೆಯನ್ನು ನಡಾವಳಿಯಲ್ಲಿ ದಾಖಲಿಸಿ ಮುಂದಿನ ಕೂಟಕ್ಕೆ ಮುಂದೂಡಲಾಯಿತು. ಅಷ್ಟರಲ್ಲಿ ಹಿರಿಯರ ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ಊಟಕ್ಕೆ ಕಾಯಬೇಕೋ ಬೇಡವೋ ಅಂತ ಅಮ್ಮ ಕೇಳಿ ಬಾ ಅಂದರು" ಎನ್ನಲಾಗಿ, ಆ ವಿಷಯವು ಕಾರ್ಯಸೂಚಿಯಲ್ಲಿ ಇಲ್ಲದ್ದರಿಂದ ಅದನ್ನೆತ್ತಿಕೊಳ್ಳಲು ಅಧ್ಯಕ್ಷರು ಅನುಮತಿಸಲಿಲ್ಲ.