ವೆನಿಸ್ ವಾಸ್ತವ್ಯ ಮೀಮಾಂಸೆ ಅಥವಾ ಭಾರಸೇತು ನ್ಯಾಯ

ಇಟಲಿಯ ವೆನಿಸ್ ನಗರದಲ್ಲಿ ನಾಲ್ಕು ದಿನ ತಂಗಲೆಂದು ಯಾತ್ರಿಕನು ನಾಲ್ಕು ತಿಂಗಳು ಮೊದಲಿನಿಂದ ನಡೆಸುವ ಬೌದ್ಧಿಕ ವ್ಯಾಪಾರಕ್ಕೆ ವಾಸ್ತವ್ಯ ಮೀಮಾಂಸೆ ಎಂದು ಹೆಸರು. ಶಾಸ್ತ್ರಗ್ರಂಥಗಳ ಪದ್ಧತಿಯಂತೆ ಇದಕ್ಕೂ ಅನುಬಂಧಗಳು ನಾಲ್ಕು: ವಿಷಯವೆಂದರೆ ಕೋಣೆ; ಪ್ರಯೋಜನವೆಂದರೆ ನಿದ್ರೆ; ಸಂಬಂಧವೆಂದರೆ ಇವೆರಡರ ನಡುವೆ ಇದೆಯೆಂದು ಬಾಡಿಗೆ ಕೊಡುವವನು ಹೇಳುವಂಥದು; ಅಧಿಕಾರಿ, ಎಂದರೆ ಈ ಶಾಸ್ತ್ರದ ಅಧ್ಯಯನಕ್ಕೆ ಅರ್ಹನಾದವನು, ರಜೆ ಮಂಜೂರಾದವನು.

ಮೊದಲು ಕ್ಷೇತ್ರಸ್ವರೂಪ. ವೆನಿಸ್ ಲಗೂನಿನಲ್ಲಿ, ಅಂದರೆ ಮರಳುದಿಣ್ಣೆಗಳು ಕಡಲಿನಿಂದ ಬೇರ್ಪಡಿಸಿದ ಆಳವಿಲ್ಲದ ಉಪ್ಪುನೀರಿನ ಹರವಿನಲ್ಲಿ, 118 ನಡುಗಡ್ಡೆಗಳನ್ನು 400ಕ್ಕೂ ಹೆಚ್ಚು ಸೇತುವೆಗಳಿಂದ ಹೊಲಿದು ಮಾಡಿದ ಊರು. 1846ರಲ್ಲಿ ರೈಲೂ 1933ರಲ್ಲಿ ಮೋಟಾರು ರಸ್ತೆಯೂ ನೀರು ದಾಟಿ ಬಂದವಾದರೂ, ಒಂದು ಸಾಂತಾ ಲೂಚಿಯಾ ನಿಲ್ದಾಣದಲ್ಲಿ, ಇನ್ನೊಂದು ಪಿಯಾತ್ಸಾಲೆ ರೋಮಾ ಎಂಬ ಬಯಲಿನಲ್ಲಿ, ಊರಿನ ಹೊಸ್ತಿಲಲ್ಲೇ ಕೈಮುಗಿದು ನಿಂತುಬಿಟ್ಟವು. ಅಲ್ಲಿಂದ ಮುಂದೆ ದೋಣಿ ಮತ್ತು ಕಾಲು ಇವೆರಡೇ ವಾಹನ.

ಎರಡನೆಯದು ವಿಳಾಸವಿಚಾರ. ಊರು ಸೆಸ್ತಿಯೇರಿ ಎಂಬ ಆರು ಭಾಗಗಳಾಗಿದ್ದು, ಮನೆಗಳ ಸಂಖ್ಯೆ ಬೀದಿಯನ್ನು ಅನುಸರಿಸದೆ ಇಡೀ ಭಾಗವನ್ನು ಸುತ್ತುತ್ತ ಏರುವುದರಿಂದ, ಕಾಸ್ತೆಲ್ಲೊ ಎಂಬ ಭಾಗದಲ್ಲಿ ಅದು ಆರು ಸಾವಿರವನ್ನು ದಾಟುತ್ತದೆ. ಆದಕಾರಣ ಭಾಗದ ಹೆಸರನ್ನೂ ಸಂಖ್ಯೆಯನ್ನೂ ಬಲ್ಲವನಿಗೆ ವಿಳಾಸ ಪೂರ್ಣವಾಗಿ ತಿಳಿದಿರುತ್ತದೆ, ಮನೆ ಮಾತ್ರ ತಿಳಿದಿರುವುದಿಲ್ಲ. ಜ್ಞಾನವು ಮೋಕ್ಷಕ್ಕೆ ಸಾಕೇ ಎಂಬ ಹಳೆಯ ವಿವಾದ ಇಲ್ಲಿ ಸಾಲದು ಎಂದು ಇತ್ಯರ್ಥವಾಗುತ್ತದೆ.

ಮೂರನೆಯದು ಪ್ರಮಾಣವಿಚಾರ. ಪ್ರಮಾಣವೆಂದರೆ ಯಥಾರ್ಥಜ್ಞಾನದ ಸಾಧನ. 'ಕೋಣೆಯಿಂದ ಕಾಲುವೆ ಕಾಣುತ್ತದೆ' ಎಂಬ, ಬಾಡಿಗೆ ಕೊಡುವವನ ವಾಕ್ಯವು ಶಬ್ದಪ್ರಮಾಣ. ಆದರೆ ಆ ಪ್ರಮಾಣಕ್ಕೆ ವಕ್ತಾರನು ಆಪ್ತನಾಗಿರಬೇಕು, ಅಂದರೆ ನಂಬತಕ್ಕವನಾಗಿರಬೇಕು, ಮುಂಗಡ ಪಡೆದವನು ಆಪ್ತನಲ್ಲ. ಜೊತೆಗಿರುವ ಫೋಟೋ ಪ್ರತ್ಯಕ್ಷವೆನ್ನೋಣವೆಂದರೆ, ಅದು ಕಿಟಕಿಯಿಂದ ಮೊಣಕಾಲಿನವರೆಗೆ ಹೊರಗೆ ಬಾಗಿದವನ ಪ್ರತ್ಯಕ್ಷ. ಉಳಿಯುವುದು ಅನುಮಾನ: ಎಲ್ಲಿ ಕಾಲುವೆಯೋ ಅಲ್ಲಿ ಬಾಡಿಗೆ ಹೆಚ್ಚು, ಇಲ್ಲಿ ಬಾಡಿಗೆ ಹೆಚ್ಚು, ಆದ್ದರಿಂದ ಇಲ್ಲಿ ಕಾಲುವೆಯಿದೆ. ಇದು ಸವ್ಯಭಿಚಾರ ಹೇತು, ಅಂದರೆ ಸಾಧಿಸಬೇಕಾದದ್ದು ಇಲ್ಲದ ಕಡೆಯೂ ಇರುವ ಹೇತು, ಏಕೆಂದರೆ ವೆನಿಸ್ಸಿನಲ್ಲಿ ಗೋಡೆಗೆ ಎದುರಾದ ಕೋಣೆಗೂ ಬಾಡಿಗೆ ಹೆಚ್ಚು.

ಇಲ್ಲಿ ಪೂರ್ವಪಕ್ಷ. ಲಗೂನಿನ ಆಚೆ ದಡದ ಮೆಸ್ತ್ರೆಯಲ್ಲಿ ತಂಗುವುದೇ ಲೇಸು, ಅಲ್ಲಿ ಕೋಣೆ ಅಗ್ಗ, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷದ ದಾರಿ, ಮೇಲಾಗಿ 1926ರಿಂದ ಅದು ವೆನಿಸ್ ಪುರಸಭೆಗೇ ಸೇರಿದ್ದರಿಂದ ಅಲ್ಲಿ ಮಲಗಿದವನು ಶಾಸ್ತ್ರೋಕ್ತವಾಗಿ ವೆನಿಸ್ಸಿನಲ್ಲೇ ಮಲಗಿದವನು ಎಂದು ಮಿತವ್ಯಯಿಗಳ ಮತ. 2024ರ ಏಪ್ರಿಲ್ 25ರಿಂದ ನಗರವು ಕೆಲವು ಗೊತ್ತಾದ ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ ವಿಧಿಸತೊಡಗಿದ ಪ್ರವೇಶಶುಲ್ಕವೂ ಮೆಸ್ತ್ರೆಯಲ್ಲಿ ತಂಗಿದವರಿಗೆ ತಗಲದು. ರಾತ್ರಿ ತಂಗಿದ್ದಕ್ಕೆ ತೆರಿಗೆ ಕೊಟ್ಟವರಿಗೆ ವಿನಾಯಿತಿಯುಂಟು, ಆದರೆ ಶುಲ್ಕ ಕೊಡಬೇಕಾಗಿಲ್ಲ ಎಂಬುದನ್ನು ಮೊದಲೇ ನೋಂದಾಯಿಸಿ ಪತ್ರ ಪಡೆದಿರಬೇಕು. ಇದಕ್ಕೆ ಸಮಾಧಾನ: ಹಗಲಿನ ಜನಜಂಗುಳಿ ಚದುರಿದ ಮೇಲೆ ಉಳಿಯುವ ಊರೇ ತಂಗುವವನಿಗೆ ಸಿಗುವ ಲಾಭ, ಆ ಹೊತ್ತಿಗೆ ಸರಿಯಾಗಿ ರೈಲು ಹತ್ತುವವನು ಕಂದಾಯ ದಾಖಲೆಯಲ್ಲಿ ಮಾತ್ರ ವೆನಿಸ್ಸಿನಲ್ಲಿ ಮಲಗಿದಂತಾಯಿತು.

ಹಾಗಾದರೆ ಸಿದ್ಧಾಂತವೇನು? ಚರಿತ್ರೆ, ಸೌಂದರ್ಯ, ಸಾನ್ ಮಾರ್ಕೊ ಚೌಕದ ಸಾಮೀಪ್ಯ ಮುಂತಾದ ಹೇತುಗಳೆಲ್ಲ ಗೌಣ. ಕೋಣೆಯ ಶ್ರೇಷ್ಠತೆಯನ್ನು ನಿರ್ಣಯಿಸುವುದು ದೋಣಿಕಟ್ಟೆಗೂ ಬಾಗಿಲಿಗೂ ನಡುವಣ ಸೇತುವೆಗಳ ಸಂಖ್ಯೆಯನ್ನು ಸೂಟ್‌ಕೇಸಿನ ತೂಕದಿಂದ ಗುಣಿಸಿದಾಗ ಬರುವ ಗುಣಲಬ್ಧವೊಂದೇ. ಇದೇ ಭಾರಸೇತು ನ್ಯಾಯ. ಇಲ್ಲಿನ ಸೇತುವೆಗಳಲ್ಲಿ ಬಹುಪಾಲು ಕಮಾನಿನಂತೆ ಏರಿಳಿಯುವ, ಮೆಟ್ಟಿಲುಳ್ಳ ಸೇತುವೆಗಳಾದ್ದರಿಂದ ಚಕ್ರವುಳ್ಳ ಸೂಟ್‌ಕೇಸು ಅವುಗಳ ಮುಂದೆ ಒಮ್ಮೆಲೇ ಚಕ್ರದ ತೂಕವೂ ಸೇರಿದ ಪೆಟ್ಟಿಗೆಯಾಗುತ್ತದೆ. ವಾಸ್ತುಶಿಲ್ಪಿ ಸಾಂತಿಯಾಗೊ ಕಲತ್ರಾವಾ ರೂಪಿಸಿದ, 2008ರಲ್ಲಿ ತೆರೆದ ಹೊಸ ಸೇತುವೆಯೂ ನ್ಯಾಯವನ್ನು ಮೀರಲಿಲ್ಲ. ಅದರ ಗಾಜಿನ ಮೆಟ್ಟಿಲುಗಳ ಮೇಲೆ ಜನರು ಜಾರಿ ಬಿದ್ದ ಕಾರಣ ಗಾಜು ತೆಗೆದು ಕಲ್ಲು ಹಾಸುವ ತೀರ್ಮಾನವಾಯಿತು.

ಕಡೆಯದಾಗಿ ವಿರೋಧಪರಿಹಾರ. ಶರತ್ಕಾಲದಿಂದ ಚಳಿಗಾಲದವರೆಗೆ, ಸಿರೊಕ್ಕೊ ಎಂಬ ಆಗ್ನೇಯ ಗಾಳಿ ಕಡಲ ಉಬ್ಬರವನ್ನು ಒಳಕ್ಕೆ ನೂಕಿದಾಗ, 'ಆಕ್ವಾ ಆಲ್ತಾ' ಎಂಬ ನೀರೇರಿಕೆ ಸಂಭವಿಸುತ್ತದೆ. ಅದು 1966ರ ನವೆಂಬರ್ 4ರಂದು 194 ಸೆಂ.ಮೀ., 2019ರ ನವೆಂಬರ್ 12ರಂದು 187 ಸೆಂ.ಮೀ. ಮಟ್ಟವನ್ನು ಮುಟ್ಟಿತ್ತು. 2020ರ ಅಕ್ಟೋಬರ್‌ನಿಂದ ಲಗೂನಿನ ಮೂರು ಬಾಯಿಗಳಲ್ಲಿ ಮೋಸೆ ಯೋಜನೆಯ 78 ಉಕ್ಕಿನ ಕದಗಳು ಎದ್ದು ತಡೆಯುತ್ತಿವೆಯಾದರೂ, ಮೀಮಾಂಸಕನು ಕದವನ್ನು ನಂಬಿ ನೆಲಮಹಡಿಯಲ್ಲಿ ಮಲಗಲಾರ. ಹೀಗೆ ಜಲವು ಮೇಲಕ್ಕೆ ಹೋಗೆನ್ನುತ್ತದೆ, ಭಾರವು ಕೆಳಗೇ ಇರೆನ್ನುತ್ತದೆ, ಹಳೆಯ ಮನೆಗಳಲ್ಲಿ ಹಲವಕ್ಕೆ ಲಿಫ್ಟು ಇರುವುದಿಲ್ಲ. ಸಮಬಲದ ಎರಡು ವಿಧಿಗಳು ಎದುರಾದಾಗ ಅನಂತರದ್ದೇ ಗೆಲ್ಲಬೇಕೆಂಬುದು ವೈಯಾಕರಣರ ಮತ. ಪ್ರಯಾಣಕ್ರಮದಲ್ಲಿ ಭಾರವಿಧಿಯ ಸೇತುವೆಗಳು ಮೊದಲು, ಜಲವಿಧಿಯ ಮಹಡಿ ಮೆಟ್ಟಿಲು ಅನಂತರ. ಆದ್ದರಿಂದ ಮೆಟ್ಟಿಲೇ ಪ್ರಬಲವೆಂದೂ, ಸೂಟ್‌ಕೇಸನ್ನು ಮೂರನೆಯ ಮಹಡಿಗೆ ಹೊರತಕ್ಕದ್ದೆಂದೂ, ಹೊರುವಾಗ ಶಾಸ್ತ್ರಚರ್ಚೆ ಸಲ್ಲದೆಂದೂ ನಿರ್ಣಯ.