ನೃಪತುಂಗನ ನಂಬರು, ಶ್ರೀವಿಜಯನ ದನಿ

ಪ್ರಸ್ತಾವನೆ

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ರಚಿಸಿದವನು ರಾಷ್ಟ್ರಕೂಟ ದೊರೆ ನೃಪತುಂಗನೋ ಅವನ ಆಸ್ಥಾನದ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ತಲೆಮಾರುಗಳ ಕಾಲ ಜಗಳವಾಡಿದರು. ಅಷ್ಟೇ ಜಟಿಲವಾದ ಇನ್ನೊಂದು ಕರ್ತೃತ್ವ ಸಮಸ್ಯೆ ಪ್ರತಿ ಕಚೇರಿಯ ಮೇಜಿನ ಮೇಲೂ ದಿನವಿಡೀ ಗಂಟೆ ಬಾರಿಸುತ್ತಿದೆ: ಫೋನ್ ಮಾಡಿದವರು ಯಾರು? ಆ ಕಡೆ ಯಾವ ಲೇಖನಿಯೂ ಹೊರಳದಿರುವುದರಿಂದ ಈ ಪ್ರಬಂಧ ಅನಿವಾರ್ಯವಾಯಿತು. ಇದಕ್ಕೆ ಯಾವ ಅನುದಾನವೂ ದೊರೆತಿಲ್ಲ. ಕಚೇರಿಯ ವೇಳೆ ಮಾತ್ರ ಧಾರಾಳವಾಗಿ ದೊರೆತಿದೆ.

ಅಂಕಿತಪೂರ್ವ ಯುಗ

1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಐಟಿಐ ಕಾರ್ಖಾನೆಯ ಕಪ್ಪು ಡಯಲ್ ಫೋನಿನ ಕಾಲವಿದು. ಬಸವಣ್ಣನವರ ವಚನಕ್ಕೆ ಕೂಡಲಸಂಗಮದೇವನಿದ್ದ, ದಾಸರ ಪದಕ್ಕೆ ಪುರಂದರವಿಠಲನಿದ್ದ. ಕರೆಗೆ ಮಾತ್ರ ಅಂಕಿತವಿರಲಿಲ್ಲ. "ಯಾರು ಮಾತಾಡೋದು?" "ನೀವ್ಯಾರು?" "ಮೊದಲು ಕೇಳಿದ್ದು ನಾನು." ಟ್ರಂಕ್ ಕಾಲಿನ ಮೂರು ನಿಮಿಷಗಳಲ್ಲಿ ಒಂದೂವರೆ ನಿಮಿಷ ಹೀಗೆ ಕರ್ತೃನಿರ್ಣಯಕ್ಕೇ ವ್ಯಯವಾಗುತ್ತಿತ್ತು.

ಅಂಕಿತೋದಯ ಮತ್ತು ಎರಡು ಸಂಪ್ರದಾಯಗಳು

ಬಳಿಕ ಫೋನಿಗೊಂದು ಪುಟ್ಟ ಕಿಟಕಿ ಮೂಡಿ ಅದರಲ್ಲಿ ನಂಬರು ಕಾಣಿಸತೊಡಗಿತು. ಇದನ್ನು ಕಳಿಸುವಲ್ಲಿ ಎರಡು ಸಂಪ್ರದಾಯಗಳಿವೆ. ಅಮೆರಿಕದ ಬೆಲ್ ಸಂಪ್ರದಾಯದಲ್ಲಿ ಮೊದಲ ರಿಂಗಿಗೂ ಎರಡನೆಯ ರಿಂಗಿಗೂ ನಡುವಿನ ಮೌನದಲ್ಲಿ, ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ನಂಬರು ಹರಿದು ಬರುತ್ತದೆ. ಮೊದಲ ರಿಂಗಿಗೇ ರಿಸೀವರ್ ಎತ್ತುವ ಆತುರಗಾರನಿಗೆ ದರ್ಶನವಿಲ್ಲ. ಡಿಟಿಎಂಎಫ್ ಸಂಪ್ರದಾಯದಲ್ಲಾದರೋ, ಗುಂಡಿ ಒತ್ತಿದಾಗ ಕೇಳುವಂಥ ಸ್ವರಗಳಲ್ಲಿ ನಂಬರು ಮೊದಲ ರಿಂಗಿಗೂ ಮುಂಚೆಯೇ ಬಂದು ಕೂತಿರಬಲ್ಲದು. ನಮ್ಮ ಸೆಕ್ಷನ್ನಿನ ಫೋನು ಎರಡನೆಯ ಸಂಪ್ರದಾಯದ್ದು, ಸಿಬ್ಬಂದಿ ಮೊದಲನೆಯದರವರು. ಏಳನೆಯ ರಿಂಗಿನವರೆಗೂ ಅವರು ಆ ಮೌನಕ್ಕಾಗಿ ಕಾಯುತ್ತಾರೆ. ಇದನ್ನು ಸೋಮಾರಿತನವೆಂದು ಕರೆಯುವ ಸಾರ್ವಜನಿಕರಿಗೆ ಸಂಶೋಧನಾ ಶಿಸ್ತಿನ ಪರಿಚಯವಿಲ್ಲ.

ಪಾಠಾಂತರ

ಹೊರಗಿನ ಕರೆಯನ್ನು ಆಪರೇಟರ್ ಒಳಕ್ಕೆ ಸಾಗಿಸುವಾಗ ಕಿಟಕಿಯಲ್ಲಿ ಮೊದಲು ತೋರುವುದು ಆಕೆಯ 9. ಆಕೆ ರಿಸೀವರ್ ಇಟ್ಟ ಮೇಲಷ್ಟೇ ಮೂಲ ನಂಬರು ಮೇಲೇಳುತ್ತದೆ. ಈ ಎರಡು ಪಾಠಗಳ ನಡುವಿನ ಕ್ಷಣ ಅಪಾಯಕಾರಿ. ಮಿತ್ರರೊಬ್ಬರು 9 ಕಂಡು, "ಹೇಳಮ್ಮ, ಊಟ ಆಯ್ತಾ?" ಎಂದರು. "ಆಯ್ತು. ನಿಮ್ಮದು ಆಗಿದ್ದರೆ ಮಂಗಳವಾರದ ಫೈಲು ಕಳಿಸಿ," ಎಂದಿತು ಮೂಲಪಾಠ. ಅದು ಮೇಲಧಿಕಾರಿಗಳದಾಗಿತ್ತು.

ನೃಪತುಂಗ ಸಮಸ್ಯೆ

201 ಎಂದರೆ ಸಾಹೇಬರ ಕೋಣೆ. ಕಿಟಕಿಯಲ್ಲಿ 201 ಮೂಡಿದೊಡನೆ ಕುಳಿತವರು ಎದ್ದು, ಅಂಗಿಯ ಗುಂಡಿ ಹಾಕಿಕೊಂಡು, "ಸಾರ್" ಎನ್ನುತ್ತಾರೆ. ಆ ಕಡೆ ಪಿಎ: "ಸಾಹೇಬ್ರು ಹೇಳಿದಾರೆ, ಸ್ಟೇಟ್‌ಮೆಂಟು ಇವತ್ತೇ ಬೇಕಂತೆ." ಹೇಳಿದ್ದು ನೃಪತುಂಗನೋ, ಅವನ ಹೆಸರಲ್ಲಿ ಶ್ರೀವಿಜಯನೋ? ವಿದ್ವಾಂಸರು ಇಲ್ಲಿಗೇ ನಿಂತಿದ್ದಾರೆ. ನನ್ನ ಸಂಶೋಧನೆ ಮೂರನೆಯ ಕರ್ತೃವನ್ನು ಪತ್ತೆ ಹಚ್ಚಿದೆ. ಸಂಜೆ ಐದೂಮುಕ್ಕಾಲಕ್ಕೆ 201ರಿಂದ ಕ್ಯಾಂಟೀನಿಗೆ ಕರೆ ಹೋಯಿತು. ಕ್ಯಾಂಟೀನಿನವನು ಹೆಗಲ ಟವೆಲು ತೆಗೆದು ನಿಂತು ಎತ್ತಿದ. "ವಡೆ ಉಳಿದಿದ್ರೆ ಎರಡು ಎತ್ತಿಡಪ್ಪ," ಎಂದದ್ದು ಕೋಣೆಗೆ ಬೀಗ ಹಾಕಲು ಬಂದ ಅಟೆಂಡರ್.

ನೂರು ಕರ್ತೃ, ಒಂದೇ ಅಂಕಿತ

ಒಳಗಿನಿಂದ ಹೊರಕ್ಕೆ ಹೊರಟ ಕರೆಗಳು ಬಹುಮಟ್ಟಿಗೆ ಬೋರ್ಡ್ ನಂಬರನ್ನೇ ಹೊತ್ತು ಹೋಗುತ್ತವೆ. ಎಕ್ಸ್‌ಟೆನ್ಷನ್ ಹೊಸ್ತಿಲಲ್ಲೇ ಉಳಿಯುತ್ತದೆ. ಮಿಸ್ಡ್ ಕಾಲ್ ನೋಡಿ ಮರಳಿ ಫೋನಾಯಿಸಿದ ಗೃಹಿಣಿಗೂ ಆಪರೇಟರಿಗೂ ನಡೆದ ಸಂವಾದ ಸಂಶೋಧಕನ ಕಿವಿಗೆ ಬಿದ್ದಿದೆ:

"ಈ ನಂಬರಿಂದ ಯಾರೋ ಮಾಡಿದ್ರು."
"ಇಲ್ಲಿ ನೂರಿಪ್ಪತ್ತು ಜನ ಇದಾರಮ್ಮ. ಯಾರು ಬೇಕು?"
"ನಮ್ಮನೆಯವರು."
"ನೂರು ಜನ ಯಾರದೋ ಮನೆಯವರೇ."

ನಂಬರಿನ ಜೊತೆ ಹೆಸರೂ ಕಾಣಲಿ ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿತು. ಹೆಸರನ್ನು ಸಿಮ್ ಕೊಳ್ಳುವಾಗ ತುಂಬಿದ ಅರ್ಜಿಯಿಂದ ತೆಗೆದುಕೊಳ್ಳಬೇಕಂತೆ. ಸಿಮ್ ಮಾವನ ಹೆಸರಿನಲ್ಲಿದ್ದರೆ ಅಳಿಯನ ಸಮಸ್ತ ಕೃತಿಗಳೂ ಮಾವನ ಖಾತೆಗೆ. ಕನ್ನಡದಲ್ಲಿ ಇನ್ನೆಷ್ಟು ಪಿಎಚ್‌ಡಿಗಳಿಗೆ ಇದರಿಂದ ಅವಕಾಶವಿದೆಯೆಂಬುದನ್ನು ವಿಶ್ವವಿದ್ಯಾಲಯಗಳು ಗಮನಿಸಬೇಕು.

ಉಪಸಂಹಾರ: 214ರ ಪ್ರಕರಣ

ಮೇಲಿನ ಆಧಾರಗಳಿಂದ ಸಿದ್ಧವಾಗುವುದಿಷ್ಟು: ಕಿಟಕಿ ಹೇಳುವುದು ಕುರ್ಚಿಯ ಹೆಸರನ್ನು, ಕೂತವನದನ್ನಲ್ಲ. ಇದಕ್ಕೆ ಸಂಶೋಧಕನೇ ಜೀವಂತ ಸಾಕ್ಷಿ. ನಾನಿರುವ 214ರಲ್ಲಿ ಹಿಂದೆ ಸೂಪರಿಂಟೆಂಡೆಂಟರೊಬ್ಬರಿದ್ದರು. ಅವರು ನಿವೃತ್ತರಾಗಿ ಎರಡು ವರ್ಷವಾದರೂ ಕಚೇರಿಯೊಳಗೆ ನಾನು ಯಾರಿಗೆ ಫೋನ್ ಮಾಡಿದರೂ ಆ ಕಡೆ ಮೂಡುವುದು ಅವರ ಹೆಸರೇ. ಅದನ್ನು ಬದಲಿಸುವ ಪಾಸ್‌ವರ್ಡು ಗೊತ್ತಿದ್ದ ಮೆಕ್ಯಾನಿಕ್ಕಿನ ಕಾಂಟ್ರಾಕ್ಟು ಮುಗಿದಿದೆ. "ನಮಸ್ಕಾರ ಸಾರ್, ಆರೋಗ್ಯವಾ?" ಎಂದು ಎಲ್ಲರೂ ವಿಚಾರಿಸುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ "ಆರೋಗ್ಯ" ಎನ್ನುತ್ತೇನೆ.

ಮೊನ್ನೆ ಕಿಟಕಿಯಲ್ಲಿ ಗುರುತಿಲ್ಲದ ಹತ್ತು ಅಂಕಿ ಮೂಡಿತು. ಶಿಸ್ತಿನಂತೆ ಏಳು ರಿಂಗ್ ಕಾದು ಎತ್ತಿದೆ. ಮೊದಲು ಬಂದದ್ದು ಕೆಮ್ಮು, ನಶ್ಯ ಹಾಕುವವರದು. ಅಂತರಂಗ ಪ್ರಮಾಣ ಅಷ್ಟು ಸಾಕಾಯಿತು.

"ಸಾರ್, ನೀವಾ!"

"ನಾನೇ ಕಣಯ್ಯ. ನನ್ನ ಪೆನ್ಷನ್ ಫೈಲು ಎಲ್ಲಿದೆ ಅಂತ ಅಕೌಂಟ್ಸಿಗೆ ಕೇಳಿದೆ. ‘ಬೆಳಿಗ್ಗೆ ನೀವೇ ಫೋನ್ ಮಾಡಿ, ಫೈಲು ನನ್ನ ಮೇಜಿನ ಮೇಲಿದೆ, ಅವಸರ ಇಲ್ಲ ಅಂದ್ರಲ್ಲ ಸಾರ್’ ಅಂತಾರೆ. ಯಾರಯ್ಯ ಅದು ಹಾಗೆ ಹೇಳಿದೋನು?"

ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲವೆಂದು ತಿಳಿಸಿ ಫೋನಿಟ್ಟೆ.